ಪ್ರೆಸ್ಸಿನ ಪಕ್ಕದ ಪೋಸ್ಟರು

ಸೋಮವಾರ. ಬೆಳಗ್ಗೆ ಏಳಕ್ಕೆ ಐದು ನಿಮಿಷ ಬಾಕಿ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಟೈಮ್‌ಕೀಪರ್ ಚನ್ನರಾಯಪ್ಪ ಪ್ರೆಸ್ ಶೆಡ್ಡಿನ ಗೋಡೆಯ ಮುಂದೆ ಗರಬಡಿದವನಂತೆ ನಿಂತಿದ್ದ.

ಶನಿವಾರ ಸಂಜೆ ಅವನು ತಾನೇ ಬರೆದ ನಾಲ್ಕು ಪೋಸ್ಟರು ಕೈಯಾರೆ ಅಂಟಿಸಿದ್ದ. ಈಗ ಎರಡೇ ಉಳಿದಿದ್ದವು.

‘ಗೋಡೆಗೂ ಮಾನವಿದೆ, ಉಗುಳಬೇಡಿ’ ಇತ್ತು. ‘ಇಬ್ಬರು ಎತ್ತಿದರೆ ಹೊರೆ ಹಗುರ’ ಇತ್ತು. ತಡವಾಗಿ ಓಡಿ ಬರುವವನ ಚಿತ್ರ ಮಾತ್ರ ಚಿಂದಿ ಚಿಂದಿ. ಒಂದು ಚಪ್ಪಲಿ ಕಾಲಷ್ಟೇ ಗೋಡೆಗೆ ಕಚ್ಚಿಕೊಂಡಿತ್ತು. ಇನ್ನು ಹೆಂಚು ಒತ್ತುವ ಪ್ರೆಸ್ಸಿನ ಚಿತ್ರ, ‘ಹತ್ತು ಬೆರಳು ತಂದಿದ್ದೀರಿ, ಹತ್ತೂ ಮನೆಗೆ ಒಯ್ಯಿರಿ’ ಅನ್ನುವುದು, ಪೂರ್ತಿ ಮಾಯ.

1978ರ ಮಾರ್ಚ್ ತಿಂಗಳು. ಸುರಕ್ಷತಾ ಸಪ್ತಾಹ. ಮಧ್ಯಾಹ್ನ ಮೂರಕ್ಕೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುವವರಿದ್ದರು. ಕೋಲಾರದಿಂದ ಜೀಪಿನಲ್ಲಿ ಬಂದಿಳಿದ ಮಾಲೀಕ ವೆಂಕಟರಾಯಪ್ಪನವರು ಗೋಡೆ ನೋಡಿ ಕೆಂಡವಾದರು.

"ಇನ್ಯಾರು ಸಾರ್, ಆ ಮುನಿಯಲ್ಲಪ್ಪನೇ," ಅಂದ ಸೂಪರ್‌ವೈಸರ್ ಕೋದಂಡರಾಮಪ್ಪ. "ಶನಿವಾರ ಆಫೀಸಲ್ಲಿ ಆ ತಡವಾಗಿ ಓಡೋನ ಚಿತ್ರ ನೋಡಿ ಏನಂದ? ಇದು ನನ್ನ ಮುಖ, ಗೋಡೆಗೆ ಹಾಕಿದ್ರೆ ಹರಿದು ಬಿಸಾಕ್ತೀನಿ ಅನ್ಲಿಲ್ವಾ?"

ಅಂದಿದ್ದು ನಿಜ. ಮುನಿಯಲ್ಲಪ್ಪ ಪ್ರೆಸ್ ನಡೆಸುವ ಕೆಲಸಗಾರ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ವಾರಕ್ಕೆ ಮೂರು ದಿನ ತಡ.

"ಅವನನ್ನ ಗೇಟಿನ ಹೊರಗೇ ನಿಲ್ಲಿಸಿ," ಅಂದರು ಮಾಲೀಕರು. "ಊಟದ ಗಂಟೆ ಹೊಡೀತಿದ್ದಂಗೆ ಕೆಲಸದಿಂದ ತೆಗೆದ ಕಾಗದ ಕೊಡ್ತೀನಿ."

ಚನ್ನರಾಯಪ್ಪ ಗೋಡೆಗೆ ಕಚ್ಚಿದ್ದ ಚಪ್ಪಲಿ ಕಾಲು ನೋಡಿದ. ಮುನಿಯಲ್ಲಪ್ಪನ ಹದಿಮೂರು ವರ್ಷದ ಕೆಲಸ ತನ್ನ ಒಂದು ಗೀಟಿನಿಂದ ಹೋಗಬೇಕೆ? ಚಿತ್ರದವನ ಮೂಗನ್ನು ಅಷ್ಟು ಉದ್ದ ಬರೆಯಬಾರದಾಗಿತ್ತು. ಬರೆಯುವಾಗ ಮುನಿಯಲ್ಲಪ್ಪನ ನೆನಪು ಬಂದದ್ದೂ ಸುಳ್ಳಲ್ಲ.

"ಸಾರ್, ಊಟದ ಗಂಟೆವರೆಗೆ ನಾನೊಂದು ಸಲ ವಿಚಾರಿಸ್ಲಾ?" ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಹೆದರಿಕೆಯಾಯಿತು.

"ಓಹೋ! ಹಗಲೆಲ್ಲ ಟೈಮ್‌ಕೀಪರು, ಸಂಜೆ ಡ್ರಾಯಿಂಗ್ ಕ್ಲಾಸು, ಈಗ ಪತ್ತೇದಾರ ಬೇರೆ!" ಕೋದಂಡರಾಮಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕ.

ಮಾಲೀಕರು ನಗಲಿಲ್ಲ. "ಗಂಟೆ ಹೊಡೆದ ಮೇಲೆ ಒಂದು ನಿಮಿಷಾನೂ ಕೊಡಲ್ಲ," ಅಂದರು.

* * *

ಮೊದಲ ಅನುಮಾನ ವಾಚ್‌ಮನ್ ಶ್ರೀನಿವಾಸಪ್ಪನ ಮೇಕೆಯ ಮೇಲೆ. ಮೈದಾ ಅಂಟಿನ ಆಸೆಗೆ ಊರಿನ ಪೋಸ್ಟರೆಲ್ಲ ಮೇಯುವ ಪ್ರಾಣಿ ಅದು.

"ನನ್ನ ಮೇಕೆ ಮೇಲೆ ಹೊರಿಸ್ಬೇಡಿ ಸಾಮಿ!" ಶ್ರೀನಿವಾಸಪ್ಪ ಕೈ ಮುಗಿದ. "ಅಂಟಿಗೆ ಮೈಲುತುತ್ತ ಬೆರೆಸಿದ್ದು ನೀವೇ. ಅದು ಒಂದು ಸಲ ಮೂಸಿ, ಸೀನಿ, ನನ್ನೇ ಬೈಯೋ ಹಂಗೆ ನೋಡಿ ಹೋಯ್ತು."

"ನಿನ್ನೆ ರಜಾ. ಒಳಗೆ ಯಾರು ಬಂದಿದ್ರು?"

"ಇಬ್ಬರೇ. ಮುನಿಯಲ್ಲಪ್ಪ ಬುತ್ತಿ ಡಬ್ಬಿ ಮರೆತಿದ್ದ. ಬಂದ, ಎರಡು ನಿಮಿಷಕ್ಕೆ ಹೋದ. ಆಮೇಲೆ ಸೂಪರ್‌ವೈಸರ್ರು. ಹೆಂಚು ಸುಡೋ ಭಟ್ಟಿ ನೋಡ್ತೀನಿ ಅಂತ ಮಧ್ಯಾಹ್ನದವರೆಗೂ ಇದ್ರು."

ಎರಡು ನಿಮಿಷ. ಹರಿಯಲು ಅಷ್ಟು ಸಾಕು. ಚನ್ನರಾಯಪ್ಪನ ಮುಖ ಇಳಿದುಹೋಯಿತು. ಆದರೂ ಮತ್ತೆ ಗೋಡೆಯ ಹತ್ತಿರ ಹೋದ. ಮೂಗು ತಾಗುವಷ್ಟು ಬಗ್ಗಿದ.

ಚಿಂದಿಯಾದ ಚಿತ್ರವನ್ನು ಉಗುರು ಹಾಕಿ ಎಳೆದಿದ್ದರು. ಮಾಯವಾದ ಚಿತ್ರದ ಜಾಗದಲ್ಲಿ ಎಳ್ಳಷ್ಟೂ ಕಾಗದವಿರಲಿಲ್ಲ. ಅಲ್ಲಿ ಕೆಮ್ಮಣ್ಣಿನ ಕಲೆ. ಕಲೆಯಲ್ಲಿ ಗೋಣಿಯ ನಾರು. ಹಸಿ ಹೆಂಚಿನ ಮಣ್ಣಿಗೆ ಮುಚ್ಚುವ ಒದ್ದೆ ಗೋಣಿಯನ್ನು ಯಾರೋ ಪೋಸ್ಟರಿಗೆ ಒತ್ತಿ ಹಿಡಿದು, ನೆನೆಸಿದ ಅವರೆಕಾಳಿನ ಸಿಪ್ಪೆ ಜಾರಿಸಿದ ಹಾಗೆ ಸುಲಿದಿದ್ದರು. ಅದಕ್ಕೆ ಏನಿಲ್ಲವೆಂದರೂ ಅರ್ಧ ಗಂಟೆ ಬೇಕು.

ಕಳ್ಳನಿಗೆ ಈ ಚಿತ್ರದ ಮೇಲೇಕೆ ಇಷ್ಟು ನಾಜೂಕು?

ಪಕ್ಕದಲ್ಲೇ ಪ್ರೆಸ್ ನಿಂತಿತ್ತು. ತಿಂಗಳ ಹಿಂದೆ ಅದನ್ನೇ ನೋಡಿ ಚಿತ್ರ ಬರೆದಿದ್ದ. ಆಮೇಲೆ ಗೇಟಿನ ಕೋಣೆ ಬಿಟ್ಟು ಈ ಕಡೆ ಹಗಲು ಹೊತ್ತಿನಲ್ಲಿ ಬಂದದ್ದೇ ಇಲ್ಲ. ಈಗ ನೋಡಿದರೆ ಏನೋ ಕೊರತೆ. ಹೌದು. ಚಿತ್ರದಲ್ಲಿ ಕೆಲಸಗಾರರ ಕೈಗೂ ಯಂತ್ರಕ್ಕೂ ನಡುವೆ ತಂತಿಯ ಬಲೆಯಿತ್ತು. ಇಲ್ಲಿ ಬಲೆ ಇಲ್ಲ.

* * *

"ಈ ಪ್ರೆಸ್ಸಿಗೆ ಬಲೆ ಯಾವತ್ತೂ ಇರ್ಲಿಲ್ಲ ಕಣಯ್ಯ," ಅಂದ ಕೋದಂಡರಾಮಪ್ಪ, ಟೀ ಹೀರುತ್ತಾ. "ಕಲ್ಪನೆ ಮಾಡಿ ಬರೆದಿದ್ದೀಯ. ಎಷ್ಟಾದ್ರೂ ಕಲಾವಿದ!"

"ಇರಬೋದು ಸಾರ್," ಅಂದ ಚನ್ನರಾಯಪ್ಪ. ಯಾರಾದರೂ ನಿನ್ನದು ತಪ್ಪು ಅಂದರೆ ಒಪ್ಪಿಬಿಡುವುದು ಅವನ ಹುಟ್ಟುಗುಣ.

"ಮುಖ ಸಪ್ಪೆ ಮಾಡ್ಬೇಡ. ತಗೋ, ಬೇಯಿಸಿದ ಮೊಟ್ಟೆ. ಲಕ್ಕೂರಿನ ನಮ್ಮನೇದೇ. ಮೊದ್ಲು ಕಾಡುಬೆಕ್ಕು ವಾರಕ್ಕೊಂದು ಕೋಳಿ ಹೊತ್ಕೊಂಡು ಹೋಗೋದು. ಈಗ ಮೂರು ವಾರದಿಂದ ಒಂದು ಪುಕ್ಕಾನೂ ಹೋಗಿಲ್ಲ!"

ಮೊಟ್ಟೆ ಹಿಡಿದುಕೊಂಡೇ ಚನ್ನರಾಯಪ್ಪ ತನ್ನ ಕೋಣೆಗೆ ಬಂದ. ಡ್ರಾಯರಿನಿಂದ ಪೆನ್ಸಿಲ್ ಕರಡು ತೆಗೆದ. ಬಲೆ ಇತ್ತು. ಬಲೆಯ ಕೆಳಮೂಲೆಯಲ್ಲಿ ಒಂದು ತೂತು. ತೂತಿಗೆ ಗಂಟು ಹಾಕಿದ ಒಂದು ಪಟ್ಟಿ.

ಅವನು ಕುರ್ಚಿಯಿಂದ ಎದ್ದೇಬಿಟ್ಟ. ಊಹಿಸಿ ಬರೆಯುವವನು ಹೊಸ ಬಲೆ ಬರೆಯುತ್ತಾನೆ. ತೂತು ಬಿದ್ದ ಬಲೆಯನ್ನು ಯಾವನು ಊಹಿಸುತ್ತಾನೆ?

ಪ್ರೆಸ್ಸಿನಿಂದ ಹೆಂಚು ಎತ್ತುವ ಮುನಿಗಂಗಮ್ಮನಿಗೆ ಕಾಗದ ತೋರಿಸಿದ.

"ಅಯ್ಯೋ ದೇವುಡಾ! ಇದು ನಾನೇ ಕಟ್ಟಿದ್ದು," ಅಂದಳು ಆಕೆ. "ನನ್ನ ಜಡೆಯ ಕೆಂಪು ಟೇಪು. ಮೂರು ವಾರದ ಕೆಳಗೆ ರಿಪೇರಿ ಅಂತ ಸೂಪರ್‌ವೈಸರ್ರು ಬಲೆ ಬಿಚ್ಕೊಂಡು ಹೋದ್ರು. ಹೋದ ವಾರ ನಾಲ್ಕು ಬಳೆ ಪ್ರೆಸ್ಸಿಗೆ ಸಿಕ್ಕಿ ಪುಡಿಯಾದ್ವು. ಕೈ ಉಳಿದಿದ್ದೇ ಹೆಚ್ಚು."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು? ಅಡಿಗಿತೇ ಕದಾ!" ತನ್ನ ತೆಲುಗಿನಲ್ಲೂ ಅದನ್ನೇ ಅಂದಳು.

ಮೂರು ವಾರ. ಚನ್ನರಾಯಪ್ಪ ಕೈಯಲ್ಲಿದ್ದ ಮೊಟ್ಟೆಯನ್ನೇ ನೋಡಿದ.

* * *

ಊಟದ ಗಂಟೆಗೆ ಹತ್ತು ನಿಮಿಷ. ಮಾಲೀಕರ ಮೇಜಿನ ಮೇಲೆ ಟೈಪಾದ ಕಾಗದ. ಪಕ್ಕದಲ್ಲಿ ಕೋದಂಡರಾಮಪ್ಪ. ಗೇಟಿನ ಹೊರಗಿದ್ದ ಮುನಿಯಲ್ಲಪ್ಪನನ್ನೂ ಕರೆಸಿದ್ದರು.

"ಹೇಳು," ಅಂದರು ವೆಂಕಟರಾಯಪ್ಪನವರು.

ಚನ್ನರಾಯಪ್ಪ ಕರಡನ್ನು ಬೆನ್ನ ಹಿಂದೆ ಹಿಡಿದು ಒಂದು ಹೆಜ್ಜೆ ಮುಂದೆ ಬಂದ.

"ಸಾರ್, ಕೋಪ ಬಂದವನು ಹರೀತಾನೆ. ಹೆದರಿದವನು ಸುಲೀತಾನೆ. ಹರಿದ್ರೆ ಚೂರು ಉಳಿಯುತ್ತೆ. ಪ್ರೆಸ್ಸಿನ ಚಿತ್ರದಲ್ಲಿ ಒಂದು ಚೂರೂ ಉಳೀಬಾರ್ದು ಅಂತ ಕಳ್ಳನಿಗಿತ್ತು. ಯಾಕಂದ್ರೆ ಅದ್ರಲ್ಲಿ ಬಲೆ ಇತ್ತು. ಇನ್ಸ್‌ಪೆಕ್ಟರ್ ಚಿತ್ರ ನೋಡ್ತಾರೆ, ಪಕ್ಕದ ಪ್ರೆಸ್ ನೋಡ್ತಾರೆ, ಬಲೆ ಎಲ್ಲಿ ಅಂತಾರೆ."

"ಹಂಗಾದ್ರೆ ತಡವಾಗಿ ಬರೋನ ಚಿತ್ರ ಯಾಕೆ ಹರಿದ್ರು?" ಮಾಲೀಕರು ಕೇಳಿದರು.

"ತಪ್ಪು ಮುನಿಯಲ್ಲಪ್ಪನ ಮೇಲೆ ಬೀಳ್ಲಿ ಅಂತ. ಅವನು ಒಳಗಿದ್ದಿದ್ದು ಎರಡು ನಿಮಿಷ. ಗೋಣಿ ನೆನೆಸಿ ಸುಲಿಯೋಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಇದ್ದವರು ಒಬ್ಬರೇ."

"ಏನ್ಲಾ, ನನ್ನ ಮೇಲೇನಾ?" ಕೋದಂಡರಾಮಪ್ಪ ಎಗರಿದ. "ಬಲೇನೇ ಇರ್ಲಿಲ್ಲ ಸಾರ್!"

"ಇತ್ತು. ಇದು ಕರಡು. ಆ ಪಟ್ಟಿ ಮುನಿಗಂಗಮ್ಮನ ಜಡೆ ಟೇಪು. ಬಲೆ ಬಿಚ್ಚಿ ಮೂರು ವಾರ. ಸೂಪರ್‌ವೈಸರ್ ಮನೆ ಕೋಳಿಗೆ ಕಾಡುಬೆಕ್ಕಿನ ಕಾಟ ತಪ್ಪಿ ಅದೂ ಮೂರು ವಾರ. ಜೀಪು ಲಕ್ಕೂರಿಗೆ ಹೋದ್ರೆ ಕೋಳಿಗೂಡಿನ ಬಾಗಿಲಲ್ಲಿ ಕೆಂಪು ಟೇಪು ಸಿಗುತ್ತೆ ಅಂತ... ನನ್ನ ಅಂದಾಜು. ತಪ್ಪಾಗಿದ್ರೆ ಆ ಕಾಗದದಲ್ಲಿ ನನ್ನ ಹೆಸರು ಬರೀರಿ ಸಾರ್."

ವೆಂಕಟರಾಯಪ್ಪನವರು ಡ್ರೈವರನ್ನು ಕೂಗಿದರು. ಜೀಪು ಗುಡುಗಿತು. ಕೋದಂಡರಾಮಪ್ಪ ಧೊಪ್ಪನೆ ಬೆಂಚಿನ ಮೇಲೆ ಕುಳಿತ.

"ಬಲೆ ಇದ್ರೆ ಪ್ರತಿ ಹೆಂಚಿಗೂ ಅದನ್ನ ಎತ್ತಬೇಕು, ಇಳಿಸಬೇಕು ಸಾರ್. ತೆಗೆದ್ರೆ ದಿನಕ್ಕೆ ಇನ್ನೂರು ಹೆಂಚು ಜಾಸ್ತಿ. ನೀವೇ ಭೇಷ್ ಅಂದ್ರಿ. ಬಲೆ ಸುಮ್ನೆ ಬಿದ್ದಿತ್ತಲ್ಲ ಅಂತ ಮನೆಗೆ... ಪೋಸ್ಟರು ಭಟ್ಟಿಗೆ ಹಾಕ್ದೆ." ತಲೆ ತಗ್ಗಿಸಿದ. "ಈಗ ಕೋಳಿಗಳ ಗತಿ ಏನು ಸಾರ್?"

ಮುನಿಯಲ್ಲಪ್ಪ ಮೊದಲು ನಕ್ಕ. ಮಾಲೀಕರು ನಗು ತಡೆಯಲು ಕೆಮ್ಮಿದರು. ಮತ್ತೆ ಮುಖ ಬಿಗಿ ಮಾಡಿ ಕಾಗದವನ್ನು ನಾಲ್ಕು ಚೂರು ಮಾಡಿದರು.

"ಭೇಷ್ ಅಂದಿದ್ದು ನನ್ನ ತಪ್ಪು. ಆದ್ರೆ ನಾಳೆಯಿಂದ ಒಂದು ತಿಂಗಳು ಪ್ರೆಸ್ಸಲ್ಲಿ ಹೆಂಚು ಎತ್ತೋನು ನೀನು, ಕೋದಂಡರಾಮಪ್ಪ. ಬಲೆ ಹಾಕ್ಕೊಂಡು. ಮುನಿಗಂಗಮ್ಮ ನಿಂತು ಕಲಿಸ್ತಾಳೆ."

* * *

ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಶೆಡ್ಡಿಗೆ ಬಂದರು. ಬಲೆ ತನ್ನ ಜಾಗದಲ್ಲಿತ್ತು. ಒಂದೆರಡು ಪುಕ್ಕ ಇನ್ನೂ ಅಂಟಿಕೊಂಡಿದ್ದವು. ಇನ್ಸ್‌ಪೆಕ್ಟರ್ ಬಲೆಯನ್ನು ಮೇಲೆ ಕೆಳಗೆ ಆಡಿಸಿದರು. ಪ್ರೆಸ್ಸಿನ ಮುಂದೆ ನಿಂತಿದ್ದ ಮುನಿಯಲ್ಲಪ್ಪನನ್ನು ಕೇಳಿದರು.

"ಏನಪ್ಪ, ಇದನ್ನ ದಿನಾ ಹಾಕ್ತೀರಾ? ನಿಜ ಹೇಳು."

ಕೋದಂಡರಾಮಪ್ಪ ಒಂದು ಹೆಜ್ಜೆ ಹಿಂದೆ ಸರಿದ. ವೆಂಕಟರಾಯಪ್ಪನವರು ತಲೆಯೆತ್ತಿ ಶೆಡ್ಡಿನ ಸೂರು ನೋಡತೊಡಗಿದರು.

ಮುನಿಯಲ್ಲಪ್ಪ ಸೂಪರ್‌ವೈಸರನ್ನು ಒಂದು ಗಳಿಗೆ ದಿಟ್ಟಿಸಿದ. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತ ಕಣ್ಣು ಅದು. ನಿಧಾನವಾಗಿ ಬಲೆ ಎಳೆದು ಹಾಕಿದ.

"ಇವತ್ತಿಂದ ದಿನಾನೂ ಸಾರ್."