ಎಡಗಾಲಿನ ಬೂಟು

ಯುದ್ಧಭೂಮಿಯಲ್ಲಿ ಸೈನಿಕರ ಚಿತ್ರ ಬರೆಯುವುದು ನನ್ನ ನೌಕರಿಯಾಗಿತ್ತು. ಎಡಗಾಲು ಕಳೆದುಕೊಂಡ ಒಬ್ಬನನ್ನು ಆಸ್ಪತ್ರೆಯಲ್ಲಿ ಇದ್ದಂತೆಯೇ ಬರೆದೆ.

"ಇದನ್ನ ಪೇಪರಲ್ಲಿ ಹಾಕಿದ್ರೆ ಸೈನ್ಯಕ್ಕೆ ಯಾರ್ರೀ ಸೇರ್ತಾರೆ? ಕಾಲು ಬರೀರಿ" ಎಂದರು ಮೇಜರ್. ಹೊಟ್ಟೆಪಾಡು, ಕಾಲು ಬರೆದೆ, ಬೂಟು ತೊಡಿಸಿ ಲೇಸು ಬಿಗಿದೆ.

ಮಧ್ಯಾಹ್ನ ವಾರ್ಡಿಗೆ ಹೋದರೆ ಅವನು, "ಅಣ್ಣಾ, ಎಡಗಾಲಿನ ಬೂಟು ತುಂಬಾ ಬಿಗಿ. ಲೇಸು ಸ್ವಲ್ಪ ಸಡಿಲ ಮಾಡು" ಎಂದ. ಚಿತ್ರದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ಬಂದು ಲೇಸಿನ ಗಂಟನ್ನು ರಬ್ಬರಿನಿಂದ ಅಳಿಸಿದೆ. ಉದುರಿದ ಪುಡಿ ಬೆಚ್ಚಗಿತ್ತು. "ಹಾಂ, ಈಗ ಸರಿಹೋಯ್ತು" ಎಂದು ಒಳಗಿನಿಂದ ಅವನ ದನಿ ಕೇಳಿಸಿತು.

"ಶಿಸ್ತು ಬೇಡ್ವೇನ್ರೀ?" ಎಂದು ಮೇಜರ್ ಗಂಟನ್ನು ಮತ್ತೆ ಹಾಕಿಸಿದರು.

ಚಿತ್ರ ಈಗ ಸೈನ್ಯದ ಕಚೇರಿಯಲ್ಲಿ ಗಾಜಿನೊಳಗಿದೆ. ನನಗೂ ಮುಟ್ಟಲು ಬಿಡುವುದಿಲ್ಲ. ಹನ್ನೊಂದು ವರ್ಷವಾಯಿತು. ಅವನ ಕಾಗದ ತಿಂಗಳು ತಪ್ಪದೆ ಬರುತ್ತದೆ, ಒಂದೇ ಸಾಲು: "ಅಣ್ಣಾ, ಲೇಸು."