ಒಂದೇ ಪುಸ್ತಕ ಎಂದವನೂ ಮೂರು ತಂದವಳೂ

ಭಂಡಾರದಿಂದ ಒಂದೇ ಪುಸ್ತಕ ತರಬೇಕು, ಎರಡನೆಯದನ್ನು ಮುಟ್ಟಿದರೆ ಕೈ ಕಳಚಿ ಬೀಳುತ್ತದೆ ಎಂದು ಇಡೀ ರಾಜ್ಯ ನಂಬಿದ್ದಾಗ, ಒಬ್ಬ ಹುಡುಗಿ ಮೂರು ಪುಸ್ತಕಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದಳು. ಆಮೇಲೆ ಏನಾಗಿರಬಹುದು, ಹೇಳಿ ನೋಡೋಣ? ಕೈ ಕಳಚಿತೆ? ನೀವು ನಿಧಾನವಾಗಿ ಊಹಿಸುತ್ತಿರಿ. ಅಷ್ಟರಲ್ಲಿ ನಾನು ಮೊದಲಿನಿಂದ ಹೇಳಿಬಿಡುತ್ತೇನೆ. ಇಂಥ ಕತೆಯನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರುವುದು ಕಷ್ಟ.

ಬೆಟ್ಟಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ ಹೊಂಗೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಒಂದು ಕಟ್ಟು ಮಾಯದೆಲೆಗಳಿದ್ದವು. ಇಸ್ಪೀಟಿನ ಹಾಗೆ ಚೌಕವಲ್ಲ, ಅರಗಿನ ಹೊಳಪು ಕೊಟ್ಟ ದುಂಡನೆಯ ಎಲೆಗಳು. ಒಂದರಲ್ಲಿ ಬಾವಿ, ಒಂದರಲ್ಲಿ ಮುರಿದ ಬುರುಜು, ಒಂದರಲ್ಲಿ ಕೋತಿಯ ಕೈಲಿ ತಕ್ಕಡಿ. ಓದಲು ಬಲ್ಲವರಿಗೆ ಅವು ನಿಜ ಹೇಳುತ್ತಿದ್ದವು. ಓದಲು ಕಲಿತವನೇ ಯುವರಾಜನಾಗಬೇಕೆಂಬುದು ಅಲ್ಲಿಯ ಸಂಪ್ರದಾಯ.

ಕಲಿಯುವುದಕ್ಕೆ ಪುಸ್ತಕ ಬೇಕಲ್ಲ? ಪುಸ್ತಕಗಳಿದ್ದ ಸರಸ್ವತಿ ಭಂಡಾರದ ಬಾಗಿಲಲ್ಲಿ ಮಸಿಕಂಠನೆಂಬ ಮಾಂತ್ರಿಕ ಕೂತಿದ್ದ. ಹೊಸದಾಗಿ ಕಲಿಯಲು ಬಂದವರು ಒಂದೇ ಪುಸ್ತಕ ಆರಿಸಬೇಕೆಂಬ ಕಟ್ಟಳೆ ಅವನದೇ. ಆರಿಸಿ ಎನ್ನುತ್ತಲೇ ತಾನು ಬರೆದದ್ದನ್ನೇ ಅವರ ಕೈಗೆ ತುರುಕುತ್ತಿದ್ದ. ಹೀಗೆ ಒಂದೇ ಪುಸ್ತಕವನ್ನು ಪ್ರಶ್ನಿಸದೆ ನಂಬಿದವರು ದಿನದಿನಕ್ಕೆ ತೆಳ್ಳಗಾಗಿ, ಕೊನೆಗೆ ತಾವೇ ಒಂದು ಎಲೆಯ ಮೇಲಿನ ಚಿತ್ರವಾಗಿಬಿಡುತ್ತಿದ್ದರು. ಎಲೆಗಳ ಕಟ್ಟು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಯಾರೂ ಯಾಕೆಂದು ಕೇಳಲಿಲ್ಲ.

ದೊರೆ ತಿಮ್ಮರಸನ ಮಗ ಚೆಲುವರಸು ಹೀಗೆಯೇ ಹೋದ. ಹೊಸದೊಂದು ಎಲೆಯಲ್ಲಿ ದೀಪ ಹಿಡಿದು ನಿಂತ. ವಿಜಯದಶಮಿಯೊಳಗೆ ಯಾರಾದರೂ ತುಂಬಿದ ಸಭೆಯಲ್ಲಿ ಇಡೀ ಕಟ್ಟನ್ನು ತಪ್ಪಿಲ್ಲದೆ ಓದಿದರೆ ಅವನು ಬಿಡುಗಡೆಯಾಗುತ್ತಾನೆ, ಇಲ್ಲದಿದ್ದರೆ ವಾರಸುದಾರನಿಲ್ಲದ ರಾಜ್ಯ ತನ್ನದು, ತಪ್ಪಾಗಿ ಓದಿದವರೂ ಎಲೆಯಾಗಲಿ ಎಂದ ಮಸಿಕಂಠ. ದೊರೆ ತಲೆ ತಗ್ಗಿಸಿದ. ಚೆಲುವರಸುವಿನ ತಂಗಿ ಪುಟ್ಟಾಜಿ ತಲೆ ಎತ್ತಿದಳು.

"ನಾನು ಓದುತ್ತೇನೆ," ಎಂದಳು.

ಮಸಿಕಂಠ ನಕ್ಕು, ಅಮ್ಮಣ್ಣಿಯವರಿಗೆ ಹೂ ಕಟ್ಟುವ ಪುಸ್ತಕ ಕೊಡಲೇ ಎಂದು ಕೇಳಿದ. ನಿಮ್ಮ ಎಲೆಗೂ ಒಂದು ಹಾರ ಕಟ್ಟಬೇಕಾದೀತು, ಅದನ್ನೂ ಕೊಡಿ ಎಂದು ಹೇಳಿ ಅವಳು ಒಳಗೆ ನಡೆದಳು.

ಮೊದಲನೆಯ ಅಂಕಣದಲ್ಲಿ ಚಿನ್ನದ ರಟ್ಟಿನ ಪುಸ್ತಕ, ಅದಕ್ಕೆ ಯಾಳಿಯ ಕಾವಲು. ಆನೆಯ ಸೊಂಡಿಲು, ಸಿಂಹದ ಮೈ. ಪುಟ್ಟಾಜಿ ಪುಸ್ತಕ ತೆರೆದಳು. ಎಲೆಗೊಂದು ಮಾತು, ಅಷ್ಟೆ. ಬಾವಿ ಅಂದರೆ ಲಾಭ, ಬುರುಜು ಅಂದರೆ ನಷ್ಟ, ದೀಪ ಅಂದರೆ ದುಃಖ. ಮದುವೆಮನೆಯಲ್ಲಿ ಹಚ್ಚಿದರೂ ದುಃಖವೇ ಎಂದು ಅವಳು ಕೇಳಿದಳು. ಪ್ರಶ್ನೆ ಬೇಡ, ಉರು ಹೊಡಿ ಎಂದು ಯಾಳಿ ಗುಡುಗಿತು. ಉರು ಹೊಡೆದು ಹೊಡೆದೇ ನಿನಗೆ ಗಂಟಲು ಕಟ್ಟಿದೆ, ಬಿಸಿನೀರು ಕುಡಿ ಎಂದಳು. ಯಾಳಿ ಸೊಂಡಿಲಿನಿಂದ ತನ್ನ ಗಂಟಲು ಮುಟ್ಟಿ ನೋಡಿಕೊಳ್ಳುತ್ತಾ ಕೂತಿತು.

ಎರಡನೆಯ ಅಂಕಣದಲ್ಲಿ ಮಸಿಕಂಠನ ಮಹಾಗ್ರಂಥ, ಅದಕ್ಕೆ ಗಂಡಭೇರುಂಡದ ಕಾವಲು. ಎತ್ತಿದರೆ ಸೊಂಟ ಉಳುಕಬೇಕು, ಅಷ್ಟು ತೂಕ. ಎಲೆಗಳ ವರಸೆಯೇನೋ ಕ್ರಮವಾಗಿ ಬರೆದಿತ್ತು. ಆದರೆ ಅರ್ಥ ಕೇಳಿದ ಕಡೆಯಲ್ಲೆಲ್ಲ, ಇದು ಹಿಂದಿನ ಸಂಪುಟ ಓದಿದವರಿಗೆ ಮಾತ್ರ ತಿಳಿಯುತ್ತದೆ ಎಂದಿತ್ತು. ಹಿಂದಿನ ಸಂಪುಟ ತೆಗೆದರೆ ಮುಂದಿನದನ್ನು ಓದಿ ಬಾ ಎಂದಿತ್ತು. ಹಕ್ಕಿಯ ಒಂದು ತಲೆ ಹಿಂದೆ ಎಂದಿತು, ಇನ್ನೊಂದು ಮುಂದೆ ಎಂದಿತು. ಮೊದಲು ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ ಎಂದಳು ಪುಟ್ಟಾಜಿ. ತಲೆಗಳೆರಡೂ ಕಚ್ಚಾಡತೊಡಗಿದವು.

ಮೂರನೆಯದೇ ನಿಜವಾದ ಅಪಾಯ. ಪುಟ್ಟ ಪುಸ್ತಕ, ನವಿಲುಗರಿಯ ಹಾಗೆ ಹಗುರ, ಕಾವಲಿಗೆ ಮಾತಾಡುವ ಬಿಳಿ ಜಿಂಕೆ. ಚಿತ್ರವನ್ನು ನೋಡು, ಕಣ್ಣಿಗೆ ಏನು ಕಾಣುತ್ತದೋ ಹೇಳು ಎಂದಿತು ಪುಸ್ತಕ. ಎಷ್ಟು ಚೆನ್ನಾದ ಮಾತು! ಪುಟ್ಟಾಜಿ ಬುರುಜು ನೋಡಿ ಬಾಳೆಗೊನೆ ಎಂದಳು. ಆಹಾ ಅದೇ ಸರಿ ಎಂದಿತು ಜಿಂಕೆ. ಬಾವಿ ನೋಡಿ ಬೆಕ್ಕು ಎಂದಳು. ಆಹಾ, ಅದೂ ಸರಿ. ಹೊಗಳಿಕೆ ಯಾರಿಗೆ ಕಹಿ? ಅವಳೂ ಹಿಗ್ಗಿದಳು. ಹಿಗ್ಗುತ್ತಿದ್ದಂತೆ ಬೆರಳ ತುದಿ ತೆಳ್ಳಗಾಗಿ, ಉಗುರಿನ ಮೇಲೆ ಬಣ್ಣ ಏರಿತು. ಎಲೆಯಾಗುತ್ತಿದ್ದಾಳೆ!

ಪುಟ್ಟಾಜಿ ಕೈ ಕೊಡವಿದಳು.

"ನಾನು ಹೇಳಿದ್ದೆಲ್ಲ ಸರಿಯಾದರೆ ಕಲಿಯುವುದಕ್ಕೆ ಏನು ಉಳಿಯಿತು? ತಪ್ಪು ಎನ್ನಲು ಬಾರದ ಗುರು ನನಗೆ ಬೇಡ."

ಬಣ್ಣ ಉದುರಿಹೋಯಿತು. ಜಿಂಕೆ ಮುಖ ಸಣ್ಣದು ಮಾಡಿಕೊಂಡಿತು.

ಈಗ ಯಾವುದನ್ನು ಆರಿಸಬೇಕು? ಒಂದಕ್ಕೆ ಹೆಸರು ಗೊತ್ತು, ಅರ್ಥವಿಲ್ಲ. ಒಂದಕ್ಕೆ ಕ್ರಮ ಗೊತ್ತು, ಕರುಣೆಯಿಲ್ಲ. ಒಂದಕ್ಕೆ ಕಣ್ಣಿದೆ, ನಾಚಿಕೆಯಿಲ್ಲ. ಸೊಂಟ ಉಳುಕಿದರೆ ಉಳುಕಲಿ ಎಂದು ಪುಟ್ಟಾಜಿ ಮೂರನ್ನೂ ಎತ್ತಿಕೊಂಡಳು. ಒಂದೇ, ಒಂದೇ ಎಂದು ಮೃಗಗಳು ಅಡ್ಡ ಬಂದವು. ಹಾಗೆಂದು ಹೇಳಿದವರು ಯಾರು ಎಂದಳು. ಮಸಿಕಂಠನ ಹೊರತು ಯಾರೂ ಹೇಳಿರಲಿಲ್ಲ. ಮೂರೂ ದಾರಿ ಬಿಟ್ಟವು. ಪುಟ್ಟಾಜಿ ಹೊರಗೆ ಬಂದಳು. ಕೈ ಎಲ್ಲಿತ್ತೋ ಅಲ್ಲೇ ಇತ್ತು.

ಅರಮನೆಯ ಅಂಗಳದಲ್ಲಿ ಎಲ್ಲರೂ ನೋಡುವಂತೆ ಮೂರನ್ನೂ ಎದುರುಬದುರು ಹರಡಿಕೊಂಡು ಕೂತಳು. ಮೂರೂ ಒಪ್ಪಿದ ಕಡೆ ಮುಂದೆ ಹೋದಳು. ಜಗಳವಾಡಿದ ಕಡೆ ಪುಸ್ತಕಗಳನ್ನು ಬದಿಗಿಟ್ಟು ಎಲೆಯನ್ನೇ ನೋಡಿದಳು, ತಪ್ಪಿದಾಗ ಬರೆದುಕೊಂಡದ್ದನ್ನು ಅಳಿಸಿ ಮತ್ತೆ ನೋಡಿದಳು. ಇದನ್ನು ಕಂಡ ಮಸಿಕಂಠ ಒಂದು ಉಪಾಯ ಹೂಡಿದ. ದಸರೆಯಲ್ಲಿ ಪುಸ್ತಕಗಳೆಲ್ಲ ಸರಸ್ವತಿ ಪೂಜೆಗೆ ಕೂತಿರುವ ದಿನ ನೋಡಿಯೇ ಪರೀಕ್ಷೆ ಗೊತ್ತುಮಾಡಿದ. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯಾಗುವ ತನಕ ಯಾರೂ ತೆರೆಯುವಂತಿಲ್ಲವಲ್ಲ, ಈ ಹುಡುಗಿ ಆಗ ಏನು ನೋಡಿ ಓದುತ್ತಾಳೆ ಎಂದು ಅವನ ಎಣಿಕೆ. ಪುಟ್ಟಾಜಿಯ ಬಳಿಯಿದ್ದ ತನ್ನ ಮಹಾಗ್ರಂಥವನ್ನೂ ತಂದು ಎಲ್ಲಕ್ಕಿಂತ ಮೇಲಿಟ್ಟ. ದೊಡ್ಡ ಹಾರ ಅದಕ್ಕೇ ಬೀಳಬೇಕಿತ್ತು, ಪಾಪ.

ಸಭೆ ತುಂಬಿತು. ಪುಟ್ಟಾಜಿ ಒಂದೊಂದೇ ಎಲೆ ತಿರುಗಿಸಿ ಓದಿದಳು. ಬಾವಿಯ ಅರ್ಥ ತನ್ನ ಬಾವಿ ಬತ್ತಿದವನಿಗೆ ಒಂದು, ಬಾಯಾರಿದವನಿಗೆ ಇನ್ನೊಂದು ಎಂದು ಬಿಡಿಸಿ ಹೇಳಿದಳು. ಸಭೆ ತಲೆದೂಗಿತು. ಕೊನೆಗೆ ದೀಪದೆಲೆ ಬಂತು. ಗಾಳಿಯಿಲ್ಲದ ಸಭೆಯಲ್ಲಿ, ಚಿತ್ರದೊಳಗಿನ ಕುಡಿ ಯಾರದೋ ಉಸಿರಿಗೆ ಓಲಾಡುತ್ತಿತ್ತು.

"ಇದಕ್ಕೆ ಅರ್ಥ ಹೇಳುವುದಿಲ್ಲ. ಇದು ನಮ್ಮಣ್ಣಯ್ಯ."

ತಪ್ಪು ಎಂದು ಮಸಿಕಂಠ ಎದ್ದು ನಿಂತ. ಸರಿ ಯಾವುದು ಎಂದು ದೊರೆ ಕೇಳಿದ. ಮಹಾಗ್ರಂಥ ಬರೆದವನೇನೋ ಮಸಿಕಂಠನೇ, ಆದರೆ ಅರ್ಥವನ್ನೆಲ್ಲ ಇನ್ನೊಂದು ಸಂಪುಟಕ್ಕೆ ತಳ್ಳಿದ್ದವನಿಗೆ ನೆನಪಿಗೆ ಏನು ಬರಬೇಕು? ಪೂಜೆಯ ಮಂಟಪಕ್ಕೆ ನುಗ್ಗಿದ. ಬೇಡ ಸ್ವಾಮಿ, ಇನ್ನೂ ವಿಸರ್ಜನೆಯಾಗಿಲ್ಲ ಎಂದು ಅರ್ಚಕರು ತಡೆದರು. ಹಾರ ಹರಿದು ಪುಸ್ತಕ ಬಿಚ್ಚಿದ. ಹಾಳೆಗಳೆಲ್ಲ ಖಾಲಿ. ಪೂಜೆಯ ದಿನಗಳಲ್ಲಿ ಅಕ್ಷರಗಳು ಅಮ್ಮನವರ ಪಾದದ ಬಳಿ ಕೂತಿರುತ್ತವೆ, ಕರೆದರೆ ಬರುವುದಿಲ್ಲ. ಆ ಅಕ್ಷರಗಳಿಂದಲೇ ಬದುಕಿದ್ದ ಮಾಂತ್ರಿಕ ನಿಂತಲ್ಲೇ ತೆಳ್ಳಗಾಗಿ, ಖಾಲಿ ಪುಸ್ತಕ ಹಿಡಿದ ಚಿತ್ರವಾಗಿ ನೆಲಕ್ಕೆ ಬಿದ್ದ.

ದೀಪದೆಲೆಯಿಂದ ಚೆಲುವರಸು ಇಳಿದು ಬಂದ. ಮೊದಲು ಕೇಳಿದ್ದು ಊಟ. ಉಳಿದ ಎಲೆಗಳಿಂದಲೂ ಮಂದಿ ಇಳಿದರು, ಅವರಿಗೂ ಎಲೆ ಹಾಕಿದರು, ಈ ಬಾರಿ ಬಾಳೆಯೆಲೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಪುಸ್ತಕ ಒಯ್ಯಲಿ, ಒಂದನ್ನೇ ನಂಬಬೇಕೆಂದವನನ್ನು ಮಾತ್ರ ನಂಬಬೇಡಿ ಎಂದು ಪುಟ್ಟಾಜಿ ಡಂಗುರ ಸಾರಿಸಿದಳು. ಯುವರಾಣಿಯ ಪಟ್ಟ ಅವಳಿಗೇ ಆಯಿತು. ಹೊಂಗೆಗಿರಿಯವರು ಉಂಡುಟ್ಟು, ಓದಿ, ಜಗಳವಾಡಿ, ನಗುನಗುತ್ತಾ ಬಹುಕಾಲ ಬಾಳಿದರು.

ಆ ಸಭೆ ನಡೆದದ್ದು ಆಶ್ವಯುಜ ಶುದ್ಧ ಅಷ್ಟಮಿ, ಗುರುವಾರ.