ಫಿಟ್ಟರ್ ಬರೆದ ಬಾಣಗಳು

“ಫಿಟ್ಟರ್ ಕಾಲು ಮುರಿದಿದೆ. ಒಳಗೇ ಇದಾನೆ. ಬಾಣ ಹಿಡ್ಕೊಂಡು ಹೋಗಿ, ಸಿಗ್ತಾನೆ.”

ಆಸ್ಪತ್ರೆಯ ಮಂಚದ ಮೇಲೆ ಎಲೆಕ್ಟ್ರಿಷಿಯನ್ ಇಷ್ಟು ಹೇಳಿ ಮತ್ತೆ ಎಚ್ಚರ ತಪ್ಪಿದ. ಊರಿನ ನಲ್ಲಿಗಳು ಹದಿನೈದು ದಿನದಿಂದ ಒಣಗಿದ್ದವು. ಗುಡ್ಡದ ಗುಹೆಯಿಂದ ಬರುತ್ತಿದ್ದ ನೀರು ಎಲ್ಲಿ ಮಾಯವಾಯಿತೆಂದು ನೋಡಲು ಅವನೂ ಪೈಪ್ ಫಿಟ್ಟರೂ ಹಿಂದಿನ ದಿನ ಒಳಗೆ ಹೋಗಿದ್ದರು. ತಲೆ ಒಡೆದುಕೊಂಡು ಹೊರಗೆ ಬಂದವನು ಇವನೊಬ್ಬನೇ.

ಫಿಟ್ಟರನ ಹೆಂಡತಿಯನ್ನು ಊರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿತ್ತು. ಅರ್ಧ ಹೊಲಿದ ಅಂಗಿಯನ್ನು ಮಿಷನ್ನಿನಲ್ಲೇ ಬಿಟ್ಟು ಓಡಿ ಬಂದವಳ ಜೇಬಿನಲ್ಲಿ ಇನ್ನೂ ನೂಲಿನ ಉಂಡೆ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸು ಇದ್ದವು. ಅವಳ ಅಣ್ಣ ಬಂಡೆ ಹತ್ತುವುದನ್ನು ಕಲಿಸುವವನು. ಹೆಗಲ ಮೇಲೆ ಸದಾ ಹಗ್ಗ ಇರುತ್ತಿದ್ದರಿಂದ ಅವನಿಗೆ ಹಗ್ಗದಣ್ಣ ಎಂದೇ ಹೆಸರು. ಜೊತೆಗೆ ಹೊರಟ ಮೂರನೆಯವನು ಆಸ್ಪತ್ರೆಯ ಕಾಂಪೌಂಡರ್. ಹೆದರಿಕೆಯಾದಷ್ಟೂ ಅವನ ಬಾಯಿ ಜೋರು.

ಪಂಪ್ ಹೌಸಿನ ನೆಲದ ಮೇಲೆ ಹಗ್ಗ, ಟಾರ್ಚು, ಟಾರ್ಪಾಲು ಹರವಿಕೊಂಡು ಹಗ್ಗದಣ್ಣ ಹೇಳಿದ: “ಪಟ್ಟಣದಿಂದ ರಕ್ಷಣೆಯವರು ಬರೋಕೆ ಎರಡು ದಿನ ಬೇಕು. ಮೋಡ ನೋಡಿದ್ರೆ ಸಂಜೆಗೆ ಮಳೆ ಗ್ಯಾರಂಟಿ. ಮಳೆ ಬಿದ್ರೆ ಗುಹೆ ತುಂಬುತ್ತೆ. ಅಷ್ಟರೊಳಗೆ ಭಾವನ್ನ ಹೊರಗೆ ತರಬೇಕು.”

“ಅಕ್ಕ, ನೀವು ಇಲ್ಲೇ ಇರಿ,” ಎಂದ ಕಾಂಪೌಂಡರ್.

“ನೀನು ಮುಂದೆ ನಡಿ,” ಎಂದಳು ಟೈಲರಮ್ಮ.

ಗುಹೆಯ ಬಾಯಿ ಅಗಲವಾಗಿತ್ತು. ಒಣಗಿದ ಹಳ್ಳದ ನುಣುಪು ಕಲ್ಲುಗಳ ಮೇಲೆ ಅರ್ಧ ಗಂಟೆ ನಡೆದರು. ಹಿಂದಿನ ಬೆಳಕು ಮೊದಲು ಕಿಟಕಿಯಷ್ಟಾಯಿತು, ಆಮೇಲೆ ಗುಂಡಿಯಷ್ಟಾಯಿತು, ಒಂದು ತಿರುವಿನಲ್ಲಿ ಇಲ್ಲವೇ ಇಲ್ಲವಾಯಿತು. ಮೇಲಿನಿಂದ ಇಳಿಬಿದ್ದ ಕಲ್ಲುಗಳಿಂದ ತೊಟಕ್ ತೊಟಕ್ ಎಂದು ಹನಿ ಬೀಳುತ್ತಿತ್ತು. ಅಲ್ಲಿ ದಾರಿ ಎರಡಾಗಿತ್ತು. ಗೋಡೆಯ ಮೇಲೆ ಸೀಮೆಸುಣ್ಣದ ದೊಡ್ಡ ಬಾಣ, ಬಲಕ್ಕೆ.

“ಸಿಕ್ಕೇ ಬಿಟ್ಟ!” ಎಂದು ಕುಣಿದ ಕಾಂಪೌಂಡರ್.

ಬಲಕ್ಕೆ ಹೋದರು. ಬಗ್ಗಿ ನಡೆದರು, ಮಂಡಿಯೂರಿದರು, ಕೊನೆಗೆ ತೆಳ್ಳಗೆ ಹರಿಯುವ ನೀರಿನಲ್ಲಿ ಹೊಟ್ಟೆಯ ಮೇಲೆ ತೆವಳಿದರು. ಕೊನೆಯಲ್ಲಿ ಬಕೆಟ್ ಅಗಲದ ಒಂದು ಬಿಲ. ಅದರೊಳಗೆ ನೀರು ಗುಳುಗುಳು ಇಳಿಯುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಬಾಣ, ನೆಟ್ಟಗೆ ಕೆಳಕ್ಕೆ.

ಟೈಲರಮ್ಮ ಮುಂದೆ ತೆವಳಿದಳು. ಬಿಲದೊಳಗೆ ಕೈ ಹಾಕಿದಳು. ಹೆಗಲು ಸಿಕ್ಕಿಕೊಂಡಿತು.

“ಇಲ್ಲಿ ಬೆಕ್ಕೂ ನುಗ್ಗಲ್ಲ ಕಣೇ,” ಎಂದ ಅಣ್ಣ ಮೆಲ್ಲಗೆ.

ಕವಲಿಗೆ ವಾಪಸ್ ಬಂದು ಎಡಕ್ಕೆ ನುಗ್ಗಿದರು. ಅಲ್ಲಿ ಮಂಡಿಯುದ್ದ ಕಪ್ಪು ನೀರು ಕದಲದೆ ನಿಂತಂತಿತ್ತು. ಹತ್ತು ಹೆಜ್ಜೆಗೊಂದು ಬಾಣ. ಆದರೆ ಒಂದೊಂದೂ ಇವರ ಕಡೆಗೇ, ಅಂದರೆ ಹೊರಗಡೆಗೇ ತೋರಿಸುತ್ತಿತ್ತು.

“ವಾಪಸ್ ಹೋಗಿ ಅಂತಾನೆ,” ಎಂದ ಕಾಂಪೌಂಡರ್.

“ಅಥವಾ ಹೊರಗೆ ಹೋಗೋ ದಾರಿ ಗುರುತು ಮಾಡಿದಾನೆ,” ಎಂದ ಹಗ್ಗದಣ್ಣ.

“ಹಾಗಾದ್ರೆ ಆ ಬಿಲ ಹೊರಗೆ ಹೋಗೋ ದಾರೀನಾ?”

ಒಳಗೆ ಹೋಗುವ ಗುರುತೆಂದರೆ ಎಡಗಡೆಯವು ತಪ್ಪು. ಹೊರಗೆ ಬರುವ ಗುರುತೆಂದರೆ ಬಲಗಡೆಯವು ತಪ್ಪು. ಮೂವರಿಗೂ ತಲೆಬುಡ ತಿಳಿಯಲಿಲ್ಲ. ಪೆಟ್ಟು ಬಿದ್ದಿದ್ದು ಎಲೆಕ್ಟ್ರಿಷಿಯನ್ ತಲೆಗೋ ಫಿಟ್ಟರನ ತಲೆಗೋ ಎಂಬ ಅನುಮಾನ ಬೇರೆ ಶುರುವಾಯಿತು.

“ಗೊತ್ತಿಲ್ದೆ ನುಗ್ಗಿದ್ರೆ ನಾಲ್ಕು ಜನಾನೂ ಹೋಗ್ತೀವಿ,” ಎಂದ ಅಣ್ಣ. “ಹತ್ತು ನಿಮಿಷ ನೋಡೋಣ. ಆಮೇಲೆ ಹೊರಗೆ.”

ಟೈಲರಮ್ಮ ಕಲ್ಲಿನ ಮೇಲೆ ಕುಸಿದಳು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಮನುಷ್ಯನಿಗೆ ಎಲ್ಲದರ ಮೇಲೂ ಬಾಣ ಬರೆಯುವ ಹುಚ್ಚು! ಮನೆಯ ಸಿಂಕಿನ ಕೆಳಗಿನ ಪೈಪುಗಳ ಮೇಲೂ ಬರೆದಿಟ್ಟಿದ್ದ. ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು, ಇದು ಯಾರಿಗೆ ದಾರಿ ತೋರಿಸುತ್ತೆ ಅಂತ. ಅವನು ನಕ್ಕಿದ್ದ: “ನಮಗಲ್ಲ ಮಾರಾಯ್ತಿ, ನೀರಿಗೆ.”

ಅವಳು ದಡಕ್ಕನೆ ಎದ್ದಳು. ಜೇಬಿನಿಂದ ಕೆಂಪು ನೂಲು ತೆಗೆದು ಹಲ್ಲಿನಿಂದ ಚೂರು ಮಾಡಿ ನೀರಿಗೆ ಬಿಟ್ಟಳು. ಮೂರು ಟಾರ್ಚುಗಳೂ ಅದರ ಮೇಲೆ ನಿಂತವು. ನೂಲು ಸುಮ್ಮನಿತ್ತು. ಆಮೇಲೆ ಮೆಲ್ಲಗೆ, ಬಾಣ ತೋರಿಸಿದ ಕಡೆಗೇ ಹೊರಟಿತು.

“ಇವು ದಾರಿ ಬಾಣ ಅಲ್ಲ ಅಣ್ಣ! ಫಿಟ್ಟರ್ ಬಾಣ. ನೀರು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ತೋರಿಸಿದಾನೆ. ಅವನು ನೀರು ಬರೋ ಕಡೆ ಹೋಗಿದಾನೆ.”

“ಅಂದ್ರೆ ಬಾಣಕ್ಕೆ ಎದುರಾಗಿ ಹೋಗ್ಬೇಕು?” ಕಾಂಪೌಂಡರ್ ಕಣ್ಣು ಕಣ್ಣು ಬಿಟ್ಟ.

“ಹೂಂ. ಬೇಡ ಬೇಡ ಅನ್ನೋ ಒಂದೊಂದು ಬಾಣಾನೂ ಬಾ ಅಂತಿದೆ.”

ಅವಳು ಕವಲಿಗೆ ಓಡಿಹೋಗಿ ಬಿಳಿ ಬಾಣದ ಕೆಳಗೆ ನೀಲಿ ಚಾಕ್‌ಪೀಸಿನಿಂದ ಇನ್ನೊಂದನ್ನು ಎಳೆದಳು, ಹೊರಬಾಗಿಲ ಕಡೆಗೆ. ‘ಇದು ಕಾಲಿಗೆ’ ಎಂದು ಪಕ್ಕದಲ್ಲಿ ಬರೆದಳು.

ಮುಂದಿನದು ಬರೀ ನಡಿಗೆ. ಪ್ರತಿ ಬಾಣವೂ ಮುಖಕ್ಕೆ ಎದುರಾಗಿ ಬಂದು ಒಳಗೊಳಗೇ ಅನುಮಾನ ಹುಟ್ಟಿಸುತ್ತಿತ್ತು. ಎರಡು ಸಲ ಅವಳಿಗೇ ನಂಬಿಕೆ ಹೋಯಿತು. ಎರಡು ಸಲವೂ ನೂಲು ಬಿಟ್ಟು ನೋಡಿದಳು. ಆಳೆತ್ತರದ ಒಂದು ಬಂಡೆಯನ್ನು ಹಗ್ಗ ಹಿಡಿದು ಹತ್ತಿದರು.

ಮೇಲೆ, ಗೋಡೆಗೊರಗಿ ಫಿಟ್ಟರ್ ಕುಳಿತಿದ್ದ.

“ಇಷ್ಟು ಹೊತ್ತಾ? ಬಾಣ ಬರ್ದಿದ್ನಲ್ಲ!”

“ನಿನ್ನ ಬಾಣಕ್ಕೆ ಬೆಂಕಿ ಹಾಕ!” ಎಂದು ಟೈಲರಮ್ಮ ಅವನ ತಲೆಯನ್ನು ಎದೆಗವಚಿಕೊಂಡು ಗಳಗಳ ಅತ್ತಳು.

ಕಾಂಪೌಂಡರ್ ಫಿಟ್ಟರನ ಚೀಲದಲ್ಲಿದ್ದ ಎರಡು ಪೈಪ್ ತುಂಡು ಕಟ್ಟಿ ಕಾಲನ್ನು ನೆಟ್ಟಗೆ ಮಾಡಿದ. “ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಆದ್ರೆ ಕೈ ನೀರಲ್ಲೇ ಇಟ್ಕೊಂಡಿದ್ದೆ. ನೀರು ಮುಂದಕ್ಕೆ ಹೋಗ್ತಾ ಇದೆ ಅಂದ್ರೆ ಎಲ್ಲೂ ಪೂರ್ತಿ ಮುಚ್ಚಿಲ್ಲ ಅಂದ್ಕೊಂಡೆ.” ಅಷ್ಟರಲ್ಲಿ ಅವನ ಮುಖ ಬದಲಾಯಿತು. “ಭಾವ, ನೀರು ಬೆಚ್ಚಗಾಯ್ತು. ಬಿಸಿಲಿಗೆ ಕಾದ ಬಂಡೆ ಮೇಲಿನ ನೀರು ಒಳಗೆ ಇಳೀತಿದೆ. ಹೊರಗೆ ಮಳೆ ಬಿದ್ದಿದೆ.”

ಟಾರ್ಪಾಲಿನಲ್ಲಿ ಸುತ್ತಿ ಅವನನ್ನು ಇಳಿಸಿದರು. ನೀರು ಸೊಂಟಕ್ಕೆ ಬಂತು.

ಈಗ ಬಾಣಗಳೆಲ್ಲ ಸರಿ ದಿಕ್ಕಿಗಿದ್ದವು. ನೀರೇ ಟಾರ್ಪಾಲನ್ನು ತೇಲಿಸಿತು. ಎರಡು ಟಾರ್ಚು ಕೆಟ್ಟವು.

ಕವಲು ಬಂತು. ನೀರು ರಭಸದಿಂದ ಬಿಲದ ಕಡೆಗೆ ಸೆಳೆಯಿತು.

“ಆ ಕಡೆಗಾ? ಬಿಳಿ ಬಾಣ ಆ ಕಡೆಗಿದೆ!” ಕಾಂಪೌಂಡರ್ ಕೂಗಿದ.

“ನೀಲಿ ನೋಡೋ! ನೀಲಿ!”

ಹಗ್ಗದಣ್ಣ ಕಲ್ಲಿಗೆ ಹಗ್ಗ ಸುತ್ತಿ ನೇತುಬಿದ್ದ. ಕೈ ಸುಲಿಯಿತು, ಬಿಡಲಿಲ್ಲ. ಇಂಚಿಂಚಾಗಿ ಟಾರ್ಪಾಲನ್ನು ಒಣ ಹಳ್ಳದ ದಂಡೆಗೆ ಎಳೆದರು.

ಹೊರಗೆ ಮಳೆ ಸುರಿಯುತ್ತಿತ್ತು. ನಾಲ್ವರೂ ಅದರಲ್ಲೇ ಬಿದ್ದುಕೊಂಡು ನಕ್ಕರು, ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ.

ಮಳೆ ನಿಂತ ಮೇಲೆ ಊರಿನವರು ನೀಲಿ ಬಾಣದ ಹತ್ತಿರ ಗೋಡೆ ಕಟ್ಟಿ ಬಿಲದ ದಾರಿ ಮುಚ್ಚಿ, ನೀರನ್ನು ಮತ್ತೆ ಹಳೆಯ ಹಳ್ಳಕ್ಕೆ ತಿರುಗಿಸಿದರು. ಮೂರನೆಯ ದಿನ ಟೈಲರಮ್ಮನ ಅಡುಗೆಮನೆಯ ನಲ್ಲಿ ಗೊರಗೊರ ಎಂದು ಕೆಮ್ಮಿ ಕೆಂಪು ನೀರು ಉಗುಳಿತು.

“ಬಂತೇನೇ?” ಒಳಕೋಣೆಯಿಂದ ಪ್ಲಾಸ್ಟರ್ ಕಾಲಿನವನು ಕೂಗಿದ.

“ಬಂತು!”

ಅವಳು ಸಿಂಕಿನ ಕೆಳಗೆ ಬಗ್ಗಿ ಅವನ ಹಳೆಯ ಬಾಣವನ್ನು ನೋಡಿದಳು. ನೀಲಿ ಚಾಕ್‌ಪೀಸು ತೆಗೆದು ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ನೀರಿಗೆ’ ಎಂದು ಬರೆದು, ಬಿಂದಿಗೆ ಇಟ್ಟಳು.